ಬ್ಲಾಗಿನ ಹೊಸ ಪೋಸ್ಟ್ ಫೀಡ್ ಓದುವವರಿಗೆ ಕೂಡಲೇ ತಲುಪಬೇಕಾದರೆ ಎಂತ ಮಾಡಬೇಕು?

ಪೆರ್ಲದ_ಗೂಡಂಗಡಿ
ಎಲ್ಲರಿಗೂ ನಮಸ್ಕಾರ. ನಾನೊಂದು ಸಣ್ಣ ಕನ್ನಡ ಬ್ಲಾಗ್ ನಡೆಸುತ್ತಿದ್ದೇನೆ. ಸ್ವಂತ ಡೊಮೇನ್, ವರ್ಡ್‌ಪ್ರೆಸ್. ಕಾಸರಗೋಡಿನ ಕನ್ನಡದವರಿಗೆ ಬೇಕಾದ ಸುದ್ದಿ ಮಾತ್ರ ಹಾಕುವುದು. ಮಳೆಗೆ ಶಾಲೆ ರಜೆ, ಪಿಎಸ್‌ಸಿಯಲ್ಲಿ ಕನ್ನಡ ಬಲ್ಲವರಿಗೆ ಕರೆದ ಹುದ್ದೆ, ಕರೆಂಟ್ ಇಲ್ಲದ ದಿನ, ಎಲ್ಲಿ ಯಕ್ಷಗಾನ ಆಟ, ಎಲ್ಲಿ ತಾಳಮದ್ದಳೆ. ಮಲಯಾಳದಲ್ಲಿ ಬಂದ ಪ್ರಕಟಣೆಯನ್ನು ಕನ್ನಡಕ್ಕೆ ತರುವುದೇ ಮುಖ್ಯ ಕೆಲಸ.

ತೊಂದರೆ ಎಂತ ಅಂದ್ರೆ, ಫೀಡ್ ಮೂಲಕ ಓದುವವರಿಗೆ ಸುದ್ದಿ ತಡವಾಗಿ ಸಿಗುತ್ತಿದೆ. (ಫೀಡ್ ಅಂದರೆ ಸೈಟಿನ ಹೊಸ ಪೋಸ್ಟುಗಳ ಪಟ್ಟಿ, ಬೇರೆ ಬೇರೆ ಸೈಟಿನ ಫೀಡುಗಳನ್ನು ಒಂದೇ ಕಡೆ ತೋರಿಸುವುದು ಫೀಡ್ ರೀಡರ್.) ಬೆಳಿಗ್ಗೆ ಆರೂವರೆಗೆ ರಜೆ ಸುದ್ದಿ ಹಾಕಿದರೆ ಕೆಲವರಿಗೆ ಎಂಟು ದಾಟಿದ ಮೇಲೆ ಕಾಣುತ್ತದೆ. ಅಷ್ಟು ಹೊತ್ತಿಗೆ ಮಕ್ಕಳು ಕೊಡೆ ಹಿಡಿದು ಬಸ್ಸು ಹತ್ತಿ ಆಗಿರುತ್ತದೆ. ಪೋಸ್ಟ್ ಹಾಕಿದ ಕೂಡಲೇ ಅವರ ಫೀಡ್ ರೀಡರಿಗೆ ತಲುಪುವ ಹಾಗೆ ಮಾಡಲು ದಾರಿ ಉಂಟಾ? ದುಡ್ಡು ಖರ್ಚಾಗದ ದಾರಿ ಆದರೆ ಒಳ್ಳೆಯದು.

ಅಡಿಕೆ_ಸುಲಿಯುವವ
ವಾಟ್ಸಾಪ್ ಗ್ರೂಪ್ ಮಾಡಿ ಮಾರಾಯ್ರೇ. ಈಗ ಫೀಡ್ ಎಲ್ಲ ಯಾರು ಓದುತ್ತಾರೆ?

ಗಲ್ಫ್_ಕಾಸ್ರೋಡು
ನಾನು ಓದುತ್ತೇನೆ. ದುಬೈಯಲ್ಲಿ ಕೂತು ಊರಿನ ಎಲ್ಲ ಸೈಟು ಒಂದೇ ಕಡೆ ನೋಡುವುದು ಫೀಡ್‌ಲಿಯಲ್ಲಿ. ಗ್ರೂಪಿನ ಗುಡ್ ಮಾರ್ನಿಂಗ್ ಹೂವುಗಳ ನಡುವೆ ಸುದ್ದಿ ಹುಡುಕುವಷ್ಟು ಪುರುಸೊತ್ತು ನನಗಿಲ್ಲ.

ತಲಪಾಡಿ_ಟೋಲ್
ಹೂವಿನ ಅಡಿಯಲ್ಲಿ ಸುಭಾಷಿತವೂ ಇರುತ್ತದೆ. ಅದನ್ನು ಓದದೆ ಹೋಗುವುದು ಸರಿಯಲ್ಲ.

ಮಧೂರು_ಹುಡುಗ
@ಪೆರ್ಲದ_ಗೂಡಂಗಡಿ ಅಣ್ಣ, ನಿಮಗೆ ಬೇಕಾದ್ದು ವೆಬ್‌ಸಬ್. ಮೊದಲು ಇದಕ್ಕೆ ಪಬ್‌ಸಬ್‌ಹಬ್ಬಬ್ ಅಂತ ನಾಲಿಗೆ ತಿರುಗದ ಹೆಸರಿತ್ತು. ಗೂಗಲ್‌ನಲ್ಲಿದ್ದ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಮತ್ತು ಬ್ರೆಟ್ ಸ್ಲ್ಯಾಟ್ಕಿನ್ 2009ರಲ್ಲಿ ಶುರು ಮಾಡಿದ್ದು. ಲೈವ್‌ಜರ್ನಲ್ ಕಟ್ಟಿದವರೂ ಇದೇ ಬ್ರಾಡ್. 2018ರ ಜನವರಿಯಲ್ಲಿ ವೆಬ್‌ನ ಮಾನದಂಡ ಮಾಡುವ ಸಂಸ್ಥೆ ಡಬ್ಲ್ಯೂ3ಸಿ ಇದನ್ನು ಅಧಿಕೃತ ಮಾನದಂಡ ಅಂತ ಒಪ್ಪಿತು.

ಈಗ ತಡ ಯಾಕೆ ಆಗುತ್ತದೆ ಅಂದರೆ, ಫೀಡ್ ರೀಡರ್ ಆಗಾಗ ನಿಮ್ಮ ಸೈಟಿಗೆ ಬಂದು "ಹೊಸದು ಉಂಟಾ?" ಅಂತ ಕೇಳಿ ಹೋಗುತ್ತದೆ. ಇದಕ್ಕೆ ಪೋಲಿಂಗ್ ಅನ್ನುತ್ತಾರೆ. ಜಾಸ್ತಿ ಓದುಗರಿರುವ ದೊಡ್ಡ ಸೈಟಿಗೆ ಪದೇ ಪದೇ ಬರುತ್ತದೆ. ನಮ್ಮಂಥ ಸಣ್ಣವರ ಹತ್ತಿರ ಪುರುಸೊತ್ತಾದಾಗ.

ವೆಬ್‌ಸಬ್‌ನಲ್ಲಿ ನಡುವೆ ಒಂದು ಹಬ್ ಇರುತ್ತದೆ. ನಿಮ್ಮ ಫೀಡಿನ ಒಳಗೆ ಎರಡು ಲಿಂಕ್ ಸಾಲು ಬೇಕು. ರೆಲ್ ಹಬ್ ಅಂತ ಇರುವ ಸಾಲು ನಿಮ್ಮ ಹಬ್ ಯಾವುದು ಅಂತ ಹೇಳುತ್ತದೆ. ರೆಲ್ ಸೆಲ್ಫ್ ಅಂತ ಇರುವ ಸಾಲು ಈ ಫೀಡಿನ ಸರಿಯಾದ ವಿಳಾಸ ಹೇಳುತ್ತದೆ. ಫೀಡ್‌ಲಿಯಂಥ ರೀಡರ್ ಆ ಸಾಲು ನೋಡಿ ಹಬ್‌ಗೆ ಹೋಗಿ, "ಇದರಲ್ಲಿ ಹೊಸದು ಬಂದರೆ ನನ್ನ ಈ ವಿಳಾಸಕ್ಕೆ ಕಳಿಸು" ಅಂತ ಹೆಸರು ಬರೆಸುತ್ತದೆ. ನೀವು ಪೋಸ್ಟ್ ಹಾಕಿದಾಗ ನಿಮ್ಮ ಸೈಟು ಹಬ್‌ಗೆ ಒಂದು ಪಿಂಗ್, ಅಂದರೆ "ಹೊಸದು ಬಂತು" ಅನ್ನುವ ಸಣ್ಣ ಸೂಚನೆ, ಕೊಡುತ್ತದೆ. ಹಬ್ ಬಂದು ಫೀಡ್ ತೆಗೆದುಕೊಂಡು ಹೋಗಿ ಹೆಸರು ಬರೆಸಿದವರಿಗೆಲ್ಲ ಹಂಚುತ್ತದೆ. ಎಲ್ಲ ಸರಿ ಇದ್ದರೆ ಸೆಕೆಂಡುಗಳ ಕೆಲಸ.

ವರ್ಡ್‌ಪ್ರೆಸ್‌ಗೆ ವೆಬ್‌ಸಬ್ ಅಂತಲೇ ಪ್ಲಗಿನ್ ಉಂಟು. ಹಾಕಿ ಆಕ್ಟಿವೇಟ್ ಮಾಡಿದರೆ ಸಾಲುಗಳನ್ನು ಅದೇ ಸೇರಿಸುತ್ತದೆ, ಪಿಂಗ್ ಅದೇ ಕೊಡುತ್ತದೆ. ಗೂಗಲ್‌ನ ಆಪ್‌ಸ್ಪಾಟ್ ಹಬ್ ಮತ್ತು ಸೂಪರ್‌ಫೀಡರ್ ಹಬ್, ಎರಡನ್ನೂ ಇಟ್ಟುಕೊಳ್ಳಬಹುದು. ಬಿಟ್ಟಿ.

ನೀರ್ಚಾಲು_ಟೀಚರ್
ಹಾಗಾದರೆ ಇದು ಆಟದ ದಿನ ಸಂಜೆ ಕೇಳಿ ಬಡಿದ ಹಾಗೆ ಆಯಿತಲ್ಲ. ಚೆಂಡೆ ಸದ್ದು ಬಂದರೆ ಇವತ್ತು ಆಟ ಉಂಟು ಅಂತ ಗೊತ್ತಾಗುತ್ತದೆ. ಗದ್ದೆವರೆಗೆ ಹೋಗಿ ನೋಡಿ ಬರುವುದು ಬೇಡ.

ಮಧೂರು_ಹುಡುಗ
ಸರಿಯಾಗಿ ಹೇಳಿದಿರಿ ಟೀಚರ್. ಒಂದೇ ವ್ಯತ್ಯಾಸ. ಕೇಳಿ ಊರಿಗೆಲ್ಲ ಕೇಳುತ್ತದೆ, ಹಬ್ ಹೆಸರು ಬರೆಸಿದವರಿಗೆ ಮಾತ್ರ ಹೇಳುತ್ತದೆ.

ಅಡಿಕೆ_ಸುಲಿಯುವವ
ಈಗ ಕೇಳಿ ಬಡಿಯುವುದು ಎಲ್ಲಿ ಉಂಟು? ಎಲ್ಲ ಕಾಲಮಿತಿ, ಕೆಲವೇ ಗಂಟೆಯ ಆಟ. ಊಟ ಮುಗಿಸಿ ಹೋದರೆ ಮಂಗಳ ಹಾಡುತ್ತಿರುತ್ತಾರೆ.

ಕುಂಬಳೆ_ಕಡಲು
ಯಕ್ಷಗಾನದ ಪಾರ್ತಿಸುಬ್ಬನ ಊರಿನವನಾಗಿ ಕಾಲಮಿತಿ ಬಗ್ಗೆ ಮಾತಾಡಲು ಸುಮಾರು ಉಂಟು, ಆದರೆ ಇಲ್ಲಿ ಬೇಡ.

@ಮಧೂರು_ಹುಡುಗ ಒಂದು ತಿದ್ದುಪಡಿ. ಈ ಯೋಚನೆ ಗೂಗಲ್‌ನವರಿಂದ ಶುರುವಾದದ್ದಲ್ಲ. ಡೇವ್ ವೈನರ್ 2000ದಲ್ಲೇ ಆರ್‌ಎಸ್‌ಎಸ್ ಅನ್ನುವ ಫೀಡ್ ಮಾದರಿಯ 0.92 ಆವೃತ್ತಿಯಲ್ಲಿ ಕ್ಲೌಡ್ ಅಂತ ಒಂದು ಟ್ಯಾಗ್ ಇಟ್ಟಿದ್ದರು. ಕೆಲಸ ಇದೇ, ಹೊಸದು ಬಂದಾಗ ಹೇಳುವುದು. 2009ರಲ್ಲಿ ವರ್ಡ್‌ಪ್ರೆಸ್ ಡಾಟ್ ಕಾಮ್ ತನ್ನ ಎಲ್ಲ ಬ್ಲಾಗುಗಳಿಗೆ ಅದನ್ನು ಹಾಕಿತು ಕೂಡ. ಗೂಗಲ್‌ನವರು ಏನು ಮಾಡಿದರೂ ಅವರೇ ಮೊದಲು ಅನ್ನುವ ಹಾಗೆ ಬರೆಯಬೇಡಿ.

ಮಧೂರು_ಹುಡುಗ
ಮೊದಲು ಅಂತ ನಾನು ಬರೆದೇ ಇಲ್ಲ ಅಣ್ಣ, ಮತ್ತೊಮ್ಮೆ ಓದಿ. ಆದರೂ ಎರಡೂ ಒಂದೇ ಅಲ್ಲ. ಆರ್‌ಎಸ್‌ಎಸ್ ಕ್ಲೌಡ್ "ಬದಲಾಗಿದೆ" ಅಂತ ಮಾತ್ರ ಹೇಳುತ್ತದೆ. ಆಮೇಲೆ ಚಂದಾದಾರರೆಲ್ಲ ಒಟ್ಟಿಗೆ ನಿಮ್ಮ ಸೈಟಿಗೆ ನುಗ್ಗುತ್ತಾರೆ. ವೆಬ್‌ಸಬ್‌ನಲ್ಲಿ ಹಬ್ ಹೊಸ ವಿಷಯವನ್ನೇ ಹೊತ್ತು ತಂದು ಕೊಡುತ್ತದೆ. ಕಡಿಮೆ ದುಡ್ಡಿನ ಹೋಸ್ಟಿಂಗ್ ಇರುವವರಿಗೆ ಇದು ದೊಡ್ಡ ಉಪಕಾರ.

ಕುಂಬಳೆ_ಕಡಲು
ಅದು ಸರಿ. ಒಪ್ಪಿದೆ.

ಹೊಸಂಗಡಿ_ನೆಟ್
ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ರೈಟಿಂಗ್ ಒಳಗೆ ಅಪ್‌ಡೇಟ್ ಸರ್ವಿಸಸ್ ಅಂತ ಒಂದು ಡಬ್ಬಿ ಉಂಟಲ್ಲ. ಅದರಲ್ಲಿ ಪಿಂಗ್‌ಒಮ್ಯಾಟಿಕ್ ವಿಳಾಸ ಮೊದಲೇ ಇರುತ್ತದೆ. ಅಷ್ಟು ಸಾಕಲ್ವಾ? ಸುಮ್ನೆ ಇನ್ನೊಂದು ಪ್ಲಗಿನ್ ಯಾಕೆ?

ಮಧೂರು_ಹುಡುಗ
ಸಾಕಾಗುವುದಿಲ್ಲ. ಅದು ಹಳೆಯ ಕಾಲದ ಎಕ್ಸ್‌ಎಂಎಲ್-ಆರ್‌ಪಿಸಿ ಪಿಂಗ್. "ಈ ಬ್ಲಾಗ್ ಅಪ್‌ಡೇಟ್ ಆಗಿದೆ" ಅಂತ ಬ್ಲಾಗ್ ಹುಡುಕುವ ಕೆಲವು ಸೇವೆಗಳಿಗೆ ಹೇಳುತ್ತದೆ ಅಷ್ಟೇ. ನಿಮ್ಮ ಓದುಗರ ರೀಡರಿಗೂ ಅದಕ್ಕೂ ಸಂಬಂಧ ಇಲ್ಲ. ಇದ್ದರೆ ಇರಲಿ, ತೆಗೆಯುವುದು ಬೇಡ.

ಅಡಿಕೆ_ಸುಲಿಯುವವ
ಕೆಲವು ಸೈಟಿಗೆ ಹೋದ ಕೂಡಲೇ ಗಂಟೆಯ ಚಿತ್ರ ಬಂದು "ಅಲೋ ಮಾಡಿ" ಅಂತ ಕಾಡುತ್ತದಲ್ಲ, ನೀವು ಹೇಳುವುದು ಅದನ್ನಾ?

ಮುಳ್ಳೇರಿಯ_ಮಳೆ
ಅಲ್ಲ. ಅದು ವೆಬ್ ಪುಶ್. ಬ್ರೌಸರ್ ಮೂಲಕ ಓದುಗರ ಫೋನಿಗೇ ನೇರ ಹೋಗುವಂಥದ್ದು. ಫೀಡಿಗೂ ಅದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಐಫೋನಿನಲ್ಲಿ ಅದು ಶುರುವಾದದ್ದೇ 2023ರಲ್ಲಿ, ಐಓಎಸ್ 16.4 ಬಂದ ಮೇಲೆ. ಅದೂ ಸೈಟನ್ನು ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡವರಿಗೆ ಮಾತ್ರ. ನನ್ನ ಅಭಿಪ್ರಾಯ ಕೇಳಿದರೆ ಆ ಗಂಟೆ ಹಾಕಲೇ ಬೇಡಿ. ಸುದ್ದಿ ಓದಲು ಬಂದವನ ಮುಖಕ್ಕೆ ಮೊದಲು ಅದೇ ಬರುತ್ತದೆ. ನಾನಂತೂ ಅಂಥ ಸೈಟಿನಿಂದ ಎದ್ದು ಹೋಗುತ್ತೇನೆ.

ನೀರ್ಚಾಲು_ಟೀಚರ್
ನಮ್ಮ ಶಾಲೆಯ ಬ್ಲಾಗ್ ಬ್ಲಾಗ್‌ಸ್ಪಾಟ್‌ನಲ್ಲಿ ಉಂಟು. ಅದರಲ್ಲಿ ಪ್ಲಗಿನ್ ಹಾಕಲು ಜಾಗವೇ ಇಲ್ಲ. ನಾವು ಎಂತ ಮಾಡುವುದು?

ಮಧೂರು_ಹುಡುಗ
ಎಂತದೂ ಮಾಡುವುದು ಬೇಡ ಟೀಚರ್. ಬ್ಲಾಗ್‌ಸ್ಪಾಟ್ ಫೀಡಿನಲ್ಲಿ ಹಬ್ ಸಾಲು ಮೊದಲೇ ಇರುತ್ತದೆ, ಪಿಂಗ್ ಕೂಡ ಅದೇ ಕೊಡುತ್ತದೆ. ನಿಮ್ಮ ಬ್ಲಾಗ್ ವಿಳಾಸದ ಕೊನೆಗೆ ಫೀಡ್ಸ್ ಸ್ಲ್ಯಾಶ್ ಪೋಸ್ಟ್ಸ್ ಸ್ಲ್ಯಾಶ್ ಡಿಫಾಲ್ಟ್ ಅಂತ ಸೇರಿಸಿ ಸೋರ್ಸ್ ನೋಡಿ. ಮೇಲಿನ ಸಾಲುಗಳಲ್ಲೇ ಕಾಣುತ್ತದೆ.

ನೀರ್ಚಾಲು_ಟೀಚರ್
ನೋಡಿದೆ, ಉಂಟು! ಇಷ್ಟು ವರ್ಷ ಇದ್ದದ್ದು ಗೊತ್ತೇ ಇರಲಿಲ್ಲ. ನಮ್ಮ ಏಳನೇ ಕ್ಲಾಸಿನ ಮಕ್ಕಳ ಗೋಡೆಪತ್ರಿಕೆ ಫೋಟೊಗಳನ್ನೂ ಗೂಗಲ್ ಓಡಿ ಓಡಿ ಹಂಚುತ್ತಿತ್ತು ಅನ್ನಿ.

ತಲಪಾಡಿ_ಟೋಲ್
ಶಾಲೆಯ ಬ್ಲಾಗ್ ಸರ್ಕಾರಕ್ಕಿಂತ ಮುಂದೆ ಉಂಟು.

ಪೆರ್ಲದ_ಗೂಡಂಗಡಿ
ಪ್ಲಗಿನ್ ಹಾಕಿದೆ. ಎರಡು ಹಬ್ ವಿಳಾಸ ಅದರಲ್ಲೇ ಇತ್ತು. ಒಂದು ಪರೀಕ್ಷೆ ಪೋಸ್ಟ್ ಹಾಕಿ ಕಾದೆ. @ಗಲ್ಫ್_ಕಾಸ್ರೋಡು ನಿಮಗೆ ಬಂತಾ?

ಗಲ್ಫ್_ಕಾಸ್ರೋಡು
ಇಲ್ಲ. ನಿಮ್ಮ ಹಳೆಯ ಪೋಸ್ಟೇ ಮೇಲೆ ಉಂಟು. ಚಹಾ ಕುಡಿದು ಬಂದು ಮತ್ತೆ ನೋಡಿದೆ, ಆಗಲೂ ಇಲ್ಲ.

ಅಡಿಕೆ_ಸುಲಿಯುವವ
ವಾಟ್ಸಾಪ್ ಆಗಿದ್ದರೆ ಎರಡು ನೀಲಿ ಗೀಟು ಬಂದು ಆಗುತ್ತಿತ್ತು.

ಮಧೂರು_ಹುಡುಗ
ಗೂಗಲ್ ಹಬ್‌ನ ಮುಖಪುಟದಲ್ಲೇ ಪ್ರಕಾಶಕರಿಗೆ ಒಂದು ಪರೀಕ್ಷೆ ಡಬ್ಬಿ ಉಂಟು. ಅದರಲ್ಲಿ ನಿಮ್ಮ ಫೀಡ್ ವಿಳಾಸ ಹಾಕಿ. ಹಬ್ ಕೊನೆಗೆ ಯಾವಾಗ ನಿಮ್ಮ ಫೀಡ್ ತೆಗೆದುಕೊಂಡು ಹೋಯಿತು ಅಂತ ತೋರಿಸುತ್ತದೆ. ಪಿಂಗ್ ತಲುಪುತ್ತಿದೆಯಾ ಇಲ್ಲವಾ ಎಂದು ಅಲ್ಲೇ ಗೊತ್ತಾಗುತ್ತದೆ.

ಪೆರ್ಲದ_ಗೂಡಂಗಡಿ
ಈಗಷ್ಟೇ ತೆಗೆದುಕೊಂಡು ಹೋದ ಹಾಗೆ ತೋರಿಸುತ್ತಿದೆ. ಅಂದರೆ ಪಿಂಗ್ ತಲುಪಿದೆ. ಆದರೂ ಓದುಗರಿಗೆ ಹೋಗುವುದಿಲ್ಲ.

ಮುಳ್ಳೇರಿಯ_ಮಳೆ
ಕ್ಯಾಶಿಂಗ್ ಪ್ಲಗಿನ್, ಅಂದರೆ ಪುಟಗಳ ನಕಲು ತೆಗೆದಿಟ್ಟು ಬೇಗ ಕೊಡುವಂಥದ್ದು, ಉಂಟಾ?

ಪೆರ್ಲದ_ಗೂಡಂಗಡಿ
ಉಂಟು. ಸೈಟು ನಿಧಾನ ಅಂತ ಹೋಸ್ಟಿಂಗ್‌ನವರೇ ಹಾಕಿ ಕೊಟ್ಟದ್ದು.

ಮುಳ್ಳೇರಿಯ_ಮಳೆ
ಅಲ್ಲೇ ಸಿಕ್ಕಿಬಿದ್ದಿದೆ. ಬಹಳ ಜನರಿಗೆ ಆಗುವುದು ಇದೇ. ನೀವು ಪೋಸ್ಟ್ ಹಾಕುತ್ತೀರಿ, ಪಿಂಗ್ ಹೋಗುತ್ತದೆ. ಹಬ್ ಆ ಕ್ಷಣವೇ ಬಂದು ಫೀಡ್ ಕೇಳುತ್ತದೆ. ಆದರೆ ಕ್ಯಾಶ್ ತನ್ನ ಬಳಿ ತೆಗೆದಿಟ್ಟ ಹಳೆಯ ಫೀಡನ್ನೇ ಕೊಡುತ್ತದೆ. ಹಬ್ ನೋಡುತ್ತದೆ, ಹೊಸದು ಎಂತದೂ ಇಲ್ಲ, ಸುಮ್ಮನೆ ವಾಪಸ್ ಹೋಗುತ್ತದೆ. ಯಾರಿಗೂ ಎಂತದೂ ಕಳಿಸುವುದಿಲ್ಲ. ಕ್ಯಾಶ್ ಹೊಸದಾಗುವಾಗ ಪಿಂಗ್ ಹೋಗಿ ಎಷ್ಟೋ ಹೊತ್ತಾಗಿರುತ್ತದೆ. ಎರಡನೇ ಪಿಂಗ್ ಕೊಡುವವರು ಯಾರೂ ಇಲ್ಲ. ಆಮೇಲೆ ಹಳೆಯ ಪೋಲಿಂಗೇ ಗತಿ.

ಕ್ಯಾಶ್ ಸೆಟ್ಟಿಂಗ್ಸ್‌ನಲ್ಲಿ ಫೀಡ್ ವಿಳಾಸವನ್ನು ಹೊರಗಿಡಿ. ಸೈಟಿನ ಮುಂದೆ ನಿಂತು ಪುಟ ಹಂಚುವ ಕ್ಲೌಡ್‌ಫ್ಲೇರ್ ಸೇವೆ ಕೂಡ ಇದ್ದರೆ ಅಲ್ಲಿಯೂ ಫೀಡಿಗೆ ಕ್ಯಾಶ್ ಬೇಡ ಅಂತ ಒಂದು ನಿಯಮ ಹಾಕಿ.

ಕುಂಬಳೆ_ಕಡಲು
ಸೆಲ್ಫ್ ಸಾಲು ಕೂಡ ನೋಡಿ. ಅದು ಎಚ್‌ಟಿಟಿಪಿ ಅಂತ ಇದ್ದು, ಸೈಟು ಎಚ್‌ಟಿಟಿಪಿಎಸ್‌ನಲ್ಲಿದ್ದರೆ ಹಬ್‌ನ ಲೆಕ್ಕದಲ್ಲಿ ಅವು ಎರಡು ಬೇರೆ ಬೇರೆ ಫೀಡ್. ಓದುಗರು ಒಂದಕ್ಕೆ ಹೆಸರು ಬರೆಸಿರುತ್ತಾರೆ, ನಿಮ್ಮ ಪಿಂಗ್ ಇನ್ನೊಂದಕ್ಕೆ ಹೋಗುತ್ತದೆ. ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವುದು ಇಲ್ಲದಿರುವುದು, ಕೊನೆಯ ಸ್ಲ್ಯಾಶ್, ಎಲ್ಲವೂ ಅಕ್ಷರಕ್ಕೆ ಅಕ್ಷರ ಹೊಂದಬೇಕು.

ಹೊಸಂಗಡಿ_ನೆಟ್
ಒಂದು ಸ್ಲ್ಯಾಶ್‌ಗೆ ಇಷ್ಟೆಲ್ಲ? ನಮ್ಮ ಸೆಂಟರಿಗೆ ಬರುವವರು ಆಧಾರ್‌ನಲ್ಲಿ ಇನಿಷಿಯಲ್ ಹಿಂದೆಮುಂದೆ ಆಯಿತು ಅಂತ ಅಳುತ್ತಾರೆ. ಕಂಪ್ಯೂಟರಿಗೆ ಎಲ್ಲ ಕಡೆ ಬುದ್ಧಿ ಒಂದೇ.

ಗಲ್ಫ್_ಕಾಸ್ರೋಡು
ಬಂತು! "ಪರೀಕ್ಷೆ, ಓದಬೇಡಿ" ಅಂತ. ಓದಿ ಆಯಿತು.

ಪೆರ್ಲದ_ಗೂಡಂಗಡಿ
ಕ್ಯಾಶಿನಿಂದ ಫೀಡನ್ನು ಹೊರಗಿಟ್ಟು ಹೊಸ ಪೋಸ್ಟ್ ಹಾಕಿದ್ದು. ಹಾಕಿದ ಕೂಡಲೇ ದುಬೈಗೆ ಹೋಗಿದೆ! ಬಾಯಾರಿನ ಒಬ್ಬರು ಇನೋರೀಡರ್‌ನಲ್ಲಿ ಓದುವವರು, ಅವರಿಗೂ ಆಗಲೇ ಬಂದಿದೆ. ಎಲ್ಲರಿಗೂ ಉಪಕಾರ.

ಆದರೆ ಇನ್ನೊಂದು ಉಂಟು. ನನ್ನ ತಂಗಿ ಫೋನಿನಲ್ಲಿ ಫೀಡರ್ ಅಂತ ಒಂದು ಆಪ್ ಹಾಕಿಕೊಂಡಿದ್ದಾಳೆ. ಅವಳಿಗೆ ಈಗಲೂ ತಡವಾಗಿಯೇ ಬರುವುದು.

ಮಧೂರು_ಹುಡುಗ
ಅದು ಹಾಗೆಯೇ. ಫೀಡರ್‌ನಂಥ ಆಪ್‌ಗಳು ನಡುವೆ ಯಾವ ಸರ್ವರೂ ಇಲ್ಲದೆ ಫೋನಿನಿಂದಲೇ ಸೈಟಿಗೆ ಹೋಗಿ ಕೇಳುತ್ತವೆ. ಐಫೋನಿನ ನೆಟ್‌ನ್ಯೂಸ್‌ವೈರ್ ಕೂಡ ತನ್ನಷ್ಟಕ್ಕೆ ಓಡುವಾಗ ಹಾಗೇ. ಹಬ್‌ಗೆ ಸುದ್ದಿ ತಲುಪಿಸಲು ಇಂಟರ್ನೆಟ್‌ನಲ್ಲಿ ಯಾವಾಗಲೂ ಎಚ್ಚರ ಇರುವ ಒಂದು ವಿಳಾಸ ಬೇಕು. ಫೋನಿಗೆ ಅಂಥದ್ದಿಲ್ಲ. ಆಪ್‌ನ ಸಿಂಕ್ ಅವಧಿ ಕಡಿಮೆ ಮಾಡಲು ತಂಗಿಗೆ ಹೇಳಿ. ಬ್ಯಾಟರಿ ಸ್ವಲ್ಪ ಜಾಸ್ತಿ ತಿನ್ನುತ್ತದೆ.

ಬದಿಯಡ್ಕ_ಬಾಲ್ಕನಿ
ಇಲ್ಲಿ ನನ್ನ ಗೋಳು ಹೇಳಲೇಬೇಕು. ಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಇಟ್ಟು ಅದರಲ್ಲಿ ಫ್ರೆಶ್‌ಆರ್‌ಎಸ್‌ಎಸ್ ಅನ್ನುವ ಫೀಡ್ ರೀಡರ್ ಓಡಿಸುತ್ತೇನೆ. ಅದಕ್ಕೆ ವೆಬ್‌ಸಬ್ ಗೊತ್ತು. ಆದರೂ ಒಂದು ಪುಶ್ ಕೂಡ ಬರುತ್ತಿರಲಿಲ್ಲ. ಕಡೆಗೆ ಗೊತ್ತಾಯಿತು, ನಮ್ಮ ಮನೆಯ ಫೈಬರ್ ಕನೆಕ್ಷನ್ ಸಿಜಿನ್ಯಾಟ್ ಹಿಂದೆ ಉಂಟು. ಅಂದರೆ ಎಷ್ಟೋ ಮನೆಗಳಿಗೆ ಸೇರಿ ಹೊರಗೆ ಒಂದೇ ಐಪಿ ವಿಳಾಸ. ನಾವು ಹೊರಗೆ ಹೋಗಬಹುದು, ಹೊರಗಿನವರು ನಮ್ಮ ಮನೆಯನ್ನು ಹುಡುಕಿ ಬರಲು ಆಗುವುದಿಲ್ಲ.

ಹೆಸರು ಬರೆಸುವಾಗಲೇ ಹಬ್ ಒಂದು ಪರೀಕ್ಷೆ ಮಾಡುತ್ತದೆ. ನಿಮ್ಮ ವಿಳಾಸಕ್ಕೆ ಬಂದು ಹಬ್ ಚಾಲೆಂಜ್ ಅಂತ ಒಂದು ಅಕ್ಷರಮಾಲೆ ಕೊಡುತ್ತದೆ. ಅದನ್ನೇ ತಿರುಗಿ ಹೇಳಬೇಕು. ಇನ್ನೊಬ್ಬರ ವಿಳಾಸ ಕೊಟ್ಟು ಅವರ ಮೇಲೆ ಫೀಡ್ ಸುರಿಯುವ ಕಿತಾಪತಿ ತಡೆಯಲು ಈ ವ್ಯವಸ್ಥೆ. ನನ್ನ ಪೈ ಹತ್ತಿರ ಹಬ್ ಬರಲೇ ಆಗದಿದ್ದ ಮೇಲೆ ಅದು ತಿರುಗಿ ಹೇಳುವುದು ಎಲ್ಲಿಂದ?

ಈಗ ಕ್ಲೌಡ್‌ಫ್ಲೇರ್ ಟನೆಲ್ ಹಾಕಿದ್ದೇನೆ, ಹೊರಗಿನವರು ಅದರ ಮೂಲಕ ಪೈ ಹತ್ತಿರ ಬರಬಹುದು. ಕೆಲಸ ಆಗುತ್ತಿದೆ. ಕರೆಂಟ್ ಇರುವವರೆಗೆ.

ಅಡಿಕೆ_ಸುಲಿಯುವವ
ಜೂನ್‌ನಿಂದ ಆಗಸ್ಟ್‌ವರೆಗೆ ಆಗುವುದಿಲ್ಲ ಅಂತ ನೇರ ಹೇಳಿ.

ಬದಿಯಡ್ಕ_ಬಾಲ್ಕನಿ
ಇನ್ವರ್ಟರ್ ಉಂಟು ಮಾರಾಯ. ಆದರೆ ರಬ್ಬರ್ ತೋಟದ ನಡುವೆ ಮರ ಬಿದ್ದು ಕೇಬಲ್ಲೇ ಹೋದರೆ ಇನ್ವರ್ಟರ್ ಇಟ್ಟು ಎಂತ ಮಾಡುವುದು?

ಹೊಸಂಗಡಿ_ನೆಟ್
ಕರೆಂಟ್ ಇಲ್ಲದಾಗ ಹಬ್ ಕಳಿಸಿದ್ದು ಹಾಗೇ ಮಾಯವಾ?

ಬದಿಯಡ್ಕ_ಬಾಲ್ಕನಿ
ಸ್ವಲ್ಪ ಹೊತ್ತು ಮತ್ತೆ ಮತ್ತೆ ಪ್ರಯತ್ನ ಮಾಡುತ್ತದೆ. ಮಾಡಬೇಕು ಅಂತ ಮಾನದಂಡದಲ್ಲೂ ಉಂಟು. ಎಷ್ಟು ಹೊತ್ತು ಅನ್ನುವುದು ಹಬ್ ನಡೆಸುವವರಿಗೆ ಬಿಟ್ಟದ್ದು. ಅದಕ್ಕೇ ಪುಶ್ ಬಂತು ಅಂತ ಪೋಲಿಂಗ್ ಪೂರ್ತಿ ನಿಲ್ಲಿಸಬಾರದು. ಅಪರೂಪಕ್ಕೊಮ್ಮೆ ಹೋಗಿ ನೋಡಿ ಬರುತ್ತಿರಲಿ. ಫೀಡ್ ಬದಲಾಗದಿದ್ದರೆ ಸರ್ವರ್ 304 ಅಂತ ಒಂದೇ ಸಾಲಿನ ಉತ್ತರ ಕೊಡುತ್ತದೆ, ಡೇಟಾ ಕೂಡ ಖರ್ಚಾಗುವುದಿಲ್ಲ.

ಕುಂಬಳೆ_ಕಡಲು
ನನಗೆ ಬೇರೊಂದು ಹೆದರಿಕೆ. ಈ ಹಬ್ ಗೂಗಲ್‌ನದ್ದು. ಗೂಗಲ್ ರೀಡರ್ 2013ರ ಜುಲೈ 1ಕ್ಕೆ ಬಾಗಿಲು ಹಾಕಿತು. ಅವರದೇ ಫೀಡ್‌ಬರ್ನರ್‌ನಲ್ಲಿ ಇಮೇಲ್ ಚಂದಾ 2021ರಲ್ಲಿ ನಿಂತಿತು. ನಾಳೆ ಈ ಹಬ್ ಕೂಡ "ಸಾಕು" ಅಂದರೆ? ಸೂಪರ್‌ಫೀಡರನ್ನು 2016ರಲ್ಲಿ ಮೀಡಿಯಂ ಕೊಂಡುಕೊಂಡಿತು. ಅದರ ಮುಂದಿನ ಕಥೆ ಯಾರ ಕೈಯಲ್ಲಿ? ಬಿಟ್ಟಿ ಸಿಕ್ಕಿತು ಅಂತ ಎಲ್ಲ ಅವರ ಕೈಗೆ ಕೊಟ್ಟು ಕೂರುವುದು ನನಗೆ ಹಿಡಿಸುವುದಿಲ್ಲ.

ಮುಳ್ಳೇರಿಯ_ಮಳೆ
ಇದಕ್ಕೆ ಉತ್ತರ ಮಾನದಂಡದ ಒಳಗೇ ಉಂಟಲ್ಲ. ಹಬ್ ಯಾವುದು ಅಂತ ಹೇಳುವುದು ನಿಮ್ಮ ಫೀಡ್. ಒಂದು ಹೋದರೆ ಆ ಸಾಲು ಬದಲಿಸಿ. ಎರಡು ಮೂರು ಹಬ್ ಒಟ್ಟಿಗೆ ಹಾಕಿದರೂ ತಪ್ಪಿಲ್ಲ. ಮನಸ್ಸಿದ್ದರೆ ಸ್ವಂತ ಹಬ್ ಕೂಡ ನಡೆಸಬಹುದು. ಓದುಗರು ಹೆಸರು ಬರೆಸಿದ್ದಕ್ಕೆ ಲೀಸ್ ಅವಧಿ ಇರುತ್ತದೆ. ಅದು ಮುಗಿಯುವಾಗ ಒಳ್ಳೆಯ ರೀಡರ್ ನಿಮ್ಮ ಫೀಡನ್ನು ಮತ್ತೆ ನೋಡಿ ಹೊಸ ಹಬ್‌ಗೆ ಹೆಸರು ಬರೆಸುತ್ತದೆ. ಎಲ್ಲ ಹಬ್ ಸತ್ತರೂ ನಿಮ್ಮ ಫೀಡ್ ಸಾಯುವುದಿಲ್ಲ, ಮೊದಲಿನ ಹಾಗೆ ತಡವಾಗಿ ತಲುಪುತ್ತದೆ ಅಷ್ಟೇ. ವಾಟ್ಸಾಪ್‌ನವರು ನಾಳೆ ಗ್ರೂಪ್ ಬಂದ್ ಮಾಡಿದರೆ ನಿಮ್ಮ ಕೈಯಲ್ಲಿ ಎಂತ ಉಳಿಯುತ್ತದೆ, ಅದನ್ನು ಹೇಳಿ.

ಅಡಿಕೆ_ಸುಲಿಯುವವ
ನನ್ನನ್ನು ಯಾಕೆ ಎಳೆಯುತ್ತೀರಿ, ನಾನು ಸುಮ್ಮನಿದ್ದೆ.

ಆದರೂ ಹೇಳುತ್ತೇನೆ. ನಮ್ಮ ವಾರ್ಡಿನಲ್ಲಿ ಫೀಡ್ ರೀಡರ್ ಇರುವವರನ್ನು ಹುಡುಕಿ ತೋರಿಸಿ ನೋಡುವ. ರಜೆ ಸುದ್ದಿ ಬೇಕಾದ್ದು ಅಮ್ಮಂದಿರಿಗೆ. ಬೆಳಿಗ್ಗೆ ಒಂದು ಕೈಯಲ್ಲಿ ದೋಸೆ ಕಾವಲಿ, ಇನ್ನೊಂದರಲ್ಲಿ ಫೋನು. ಅವರು ನೋಡುವುದು ವಾಟ್ಸಾಪ್ ಮಾತ್ರ. ನೀವು ಇಲ್ಲಿ ಹಬ್, ಟನೆಲ್, ಸಿಜಿನ್ಯಾಟ್ ಅಂತ ಎಷ್ಟು ತಲೆ ಕೆಡಿಸಿಕೊಂಡರೂ ಅವರಿಗೆ ಅದು ಮುಟ್ಟುವುದಿಲ್ಲ.

ಗಲ್ಫ್_ಕಾಸ್ರೋಡು
ಗ್ರೂಪಿಗೆ 1024 ಜನರ ಮಿತಿ ಉಂಟು. ಅದಕ್ಕಿಂತ ದೊಡ್ಡ ತೊಂದರೆ ನಂಬರ್ ಎಲ್ಲರಿಗೂ ಕಾಣುವುದು. ನಮ್ಮ ಕಡೆಯ ಹೆಂಗಸರು ಅಂಥ ಗ್ರೂಪಿಗೆ ಸೇರಲು ಹಿಂದೆಮುಂದೆ ನೋಡುತ್ತಾರೆ. ಮಾಡುವುದಾದರೆ ಚಾನೆಲ್ ಮಾಡಿ. 2023ರಿಂದ ನಮ್ಮಲ್ಲೂ ಉಂಟು, ನಂಬರ್ ಕಾಣುವುದಿಲ್ಲ, ಹೂವು ಹಾಕಲೂ ಬರುವುದಿಲ್ಲ.

ತಲಪಾಡಿ_ಟೋಲ್
ಹೂವು ಇಲ್ಲದ ವಾಟ್ಸಾಪ್‌ಗೆ ನನ್ನ ಬೆಂಬಲ ಇಲ್ಲ.

ಪೆರ್ಲದ_ಗೂಡಂಗಡಿ
@ಅಡಿಕೆ_ಸುಲಿಯುವವ ಅಣ್ಣ ಹೇಳಿದ್ದು ಸುಳ್ಳಲ್ಲ. ಆದರೆ ಫೀಡ್ ಓದುವವರು ಕಡಿಮೆ ಇದ್ದರೂ ಅವರೇ ಸುದ್ದಿ ಮುಂದೆ ದಾಟಿಸುವವರು. ಅದರಲ್ಲಿ ಇಬ್ಬರು ಮೇಷ್ಟ್ರು, ಒಬ್ಬರು ಶಾಲೆಯ ಪಿಟಿಎ ಗ್ರೂಪಿನ ಅಡ್ಮಿನ್. ಅವರಿಗೆ ಬೇಗ ಸಿಕ್ಕಿದರೆ ಅಮ್ಮಂದಿರ ಫೋನಿಗೂ ಬೇಗ ಹೋಗುತ್ತದೆ. ಚಾನೆಲ್ ಕೂಡ ಮಾಡುತ್ತೇನೆ. ಒಂದು ಇದ್ದರೆ ಇನ್ನೊಂದು ಬೇಡ ಅಂತ ಎಂತ ಇಲ್ಲವಲ್ಲ.

ಈಗ ಹೊಸ ಪ್ರಶ್ನೆ. ಮೇಳಗಳ ತಿರುಗಾಟದ ಪಟ್ಟಿ ರಾತ್ರಿಯೇ ಬರೆದು ಬೆಳಿಗ್ಗೆ ಆರಕ್ಕೆ ಶೆಡ್ಯೂಲ್ ಮಾಡಿ ಮಲಗುತ್ತೇನೆ. ಕೆಲವು ದಿನ ಅದು ಏಳಕ್ಕೆ, ಏಳೂವರೆಗೆ ಪ್ರಕಟ ಆಗುತ್ತದೆ. ಇದಕ್ಕೂ ಹಬ್‌ಗೂ ಸಂಬಂಧ ಉಂಟಾ?

ಮಧೂರು_ಹುಡುಗ
ಇಲ್ಲ, ಇದು ವರ್ಡ್‌ಪ್ರೆಸ್‌ನದ್ದೇ ಗುಣ. ಅದರ ಒಳಗಿನ ಕ್ರಾನ್, ಅಂದರೆ ಹೇಳಿದ ಹೊತ್ತಿಗೆ ಕೆಲಸ ಮಾಡಿಸುವ ಭಾಗ, ಗಡಿಯಾರ ನೋಡಿ ತಾನಾಗಿ ಏಳುವುದಿಲ್ಲ. ಯಾರಾದರೂ ಸೈಟಿಗೆ ಬಂದಾಗ "ಬಾಕಿ ಕೆಲಸ ಎಂತಾದರೂ ಉಂಟಾ" ಅಂತ ನೋಡುತ್ತದೆ. ಆರು ಗಂಟೆಗೆ ನಿಮ್ಮ ಸೈಟಿಗೆ ಒಬ್ಬರೂ ಬರದಿದ್ದರೆ ಆರಕ್ಕೆ ಎಂತದೂ ಆಗುವುದಿಲ್ಲ. ಏಳಕ್ಕೆ ಮೊದಲನೆಯವರು ಬಂದಾಗ ಪೋಸ್ಟ್ ಪ್ರಕಟ, ಆಮೇಲೆ ಪಿಂಗ್. ಪುಟಗಳನ್ನು ಕ್ಯಾಶೇ ಕೊಡುತ್ತಿದ್ದರೆ ಇನ್ನೂ ಕಷ್ಟ. ಓದುಗರು ಬಂದರೂ ವರ್ಡ್‌ಪ್ರೆಸ್‌ಗೆ ಗೊತ್ತೇ ಆಗುವುದಿಲ್ಲ.

ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಕ್ರಾನ್ ಜಾಬ್ಸ್ ಅಂತ ಇರುತ್ತದೆ. ಅಲ್ಲಿ ಐದು ನಿಮಿಷಕ್ಕೊಮ್ಮೆ ಡಬ್ಲ್ಯೂಪಿ-ಕ್ರಾನ್ ಕಡತವನ್ನು ಕರೆಯುವ ಹಾಗೆ ಇಡಿ. ಒಳಗಿನದ್ದನ್ನು ಕಾನ್ಫಿಗ್ ಕಡತದಲ್ಲಿ ಬಂದ್ ಮಾಡಿ. ಅಷ್ಟೇ.

ಕುಂಬಳೆ_ಕಡಲು
ಇದು ಗೊತ್ತಿಲ್ಲದೆ ಹೋಸ್ಟಿಂಗ್‌ನವರ ಹತ್ತಿರ ಜಗಳ ಮಾಡುವವರು ಎಷ್ಟು ಜನ!

ಹೊಸಂಗಡಿ_ನೆಟ್
ವಿಷಯ ಬಿಟ್ಟು ಒಂದು ಮಾತು. ನಿಮ್ಮ ಬ್ಲಾಗಿನ ಲಿಂಕ್ ಯಾರಾದರೂ ಕಳಿಸಿದರೆ ಪರ್ಸೆಂಟ್ ಗುರುತುಗಳೇ ಒಂದು ಫರ್ಲಾಂಗ್ ಉದ್ದ ಬರುತ್ತವೆ. ನೋಡಿದವರು ವೈರಸ್ ಅಂತ ಒತ್ತುವುದೇ ಇಲ್ಲ.

ಮುಳ್ಳೇರಿಯ_ಮಳೆ
ಕನ್ನಡದ ತಲೆಬರಹದಿಂದಲೇ ವಿಳಾಸ ತಯಾರಾದರೆ ಹಾಗೆ ಆಗುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. ವಿಳಾಸದಲ್ಲಿ ಒಂದೊಂದು ಬೈಟ್ ಪರ್ಸೆಂಟ್ ಸೇರಿ 3 ಅಕ್ಷರ ಆಗುತ್ತದೆ. ಅಲ್ಲಿಗೆ ಒಂದು ಚಿಹ್ನೆಗೆ 9. "ಕಾಸರಗೋಡು" ಅನ್ನಲು ಅಕ್ಷರ, ಕಾಗುಣಿತದ ಗುರುತು ಎಲ್ಲ ಸೇರಿ 8 ಚಿಹ್ನೆ, ಅಂದರೆ 72 ಅಕ್ಷರ. ತಲೆಬರಹದಿಂದ ಆಗುವ ವಿಳಾಸದ ಆ ತುಂಡಿಗೆ ಸ್ಲಗ್ ಅನ್ನುತ್ತಾರೆ, ವರ್ಡ್‌ಪ್ರೆಸ್ ಅದಕ್ಕೆ ಇಟ್ಟ ಜಾಗ 200 ಅಕ್ಷರ. 22 ಚಿಹ್ನೆ ದಾಟಿದರೆ ಕತ್ತರಿ. "ಕಾಸರಗೋಡು ಜಿಲ್ಲೆಯಲ್ಲಿ ನಾಳೆ ಶಾಲೆಗಳಿಗೆ ರಜೆ" ಅಂತ ಹಾಕಿದರೆ ವಿಳಾಸದಲ್ಲಿ "ರಜೆ" ಬರುವುದೇ ಇಲ್ಲ. ಪ್ರಕಟಿಸುವ ಮೊದಲು ಸ್ಲಗ್ ಡಬ್ಬಿಯಲ್ಲಿ ಚಿಕ್ಕದಾಗಿ ಏನಾದರೂ ನೀವೇ ಬರೆಯಿರಿ.

ತಲಪಾಡಿ_ಟೋಲ್
ರಜೆ ಕತ್ತರಿಸುವ ಸಾಫ್ಟ್‌ವೇರ್! ಮಕ್ಕಳಿಗೆ ಗೊತ್ತಾಗದಿರಲಿ.

ನೀರ್ಚಾಲು_ಟೀಚರ್
ಟೀಚರುಗಳಿಗೂ.

ಪೆರ್ಲದ_ಗೂಡಂಗಡಿ
ಹಳೆಯ ಪೋಸ್ಟುಗಳ ಸ್ಲಗ್ ಈಗ ಬದಲಿಸಿದರೆ ಫೀಡ್ ಓದುವವರಿಗೆ ಎಲ್ಲ ಮತ್ತೆ ಹೊಸದಾಗಿ ಬರುತ್ತದಾ?

ಮುಳ್ಳೇರಿಯ_ಮಳೆ
ಸಾಮಾನ್ಯವಾಗಿ ಬರುವುದಿಲ್ಲ. ರೀಡರ್ ಹಳೆಯದಾ ಹೊಸದಾ ಅಂತ ನೋಡುವುದು ಗೈಡ್ ಅನ್ನುವ ಗುರುತನ್ನು. ವರ್ಡ್‌ಪ್ರೆಸ್‌ನಲ್ಲಿ ಸ್ಲಗ್ ಬದಲಾದರೂ ಗೈಡ್ ಹಾಗೇ ಉಳಿಯುತ್ತದೆ. ಆದರೂ ಹಳೆಯದನ್ನು ಮುಟ್ಟಬೇಡಿ ಅನ್ನುತ್ತೇನೆ. ಎಲ್ಲೆಲ್ಲಿ ಯಾರು ಲಿಂಕ್ ಕೊಟ್ಟಿದ್ದಾರೋ.

ನನ್ನದು ವರ್ಡ್‌ಪ್ರೆಸ್ ಅಲ್ಲ, ಹ್ಯೂಗೋ ಅನ್ನುವ ಸೈಟು ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಕಟ್ಟಿದ ಸೈಟು. ಅದರವರು ಯಾರಾದರೂ ಇದನ್ನು ಓದುತ್ತಿದ್ದರೆ ಅಂತ ಹೇಳುತ್ತೇನೆ. ಹ್ಯೂಗೋದ ಆರ್‌ಎಸ್‌ಎಸ್ ಟೆಂಪ್ಲೇಟಿನಲ್ಲಿ ಸೆಲ್ಫ್ ಸಾಲು ಇರುತ್ತದೆ, ಹಬ್ ಸಾಲು ಇರುವುದಿಲ್ಲ. ಟೆಂಪ್ಲೇಟನ್ನು ನಿಮ್ಮ ಲೇಔಟ್ಸ್ ಫೋಲ್ಡರಿಗೆ ನಕಲು ಮಾಡಿ, ಸೆಲ್ಫ್ ಸಾಲಿನ ಕೆಳಗೆ ಅದೇ ಆ್ಯಟಮ್ ಲಿಂಕ್ ರೂಪದಲ್ಲಿ ಹಬ್ ಸಾಲು ಸೇರಿಸಿ. ಪಿಂಗ್ ಕೊಡಲು ಕರ್ಲ್ ಅನ್ನುವ ಕಮಾಂಡ್ ಸಾಕು. ಹಬ್ ಡಾಟ್ ಮೋಡ್‌ಗೆ ಪಬ್ಲಿಷ್, ಹಬ್ ಡಾಟ್ ಯುಆರ್‌ಎಲ್‌ಗೆ ಫೀಡ್ ವಿಳಾಸ, ಎರಡನ್ನೂ ಪೋಸ್ಟ್ ಮಾಡಿ. ಗೂಗಲ್ ಹಬ್ 204 ಅಂತ ಉತ್ತರ ಕೊಟ್ಟರೆ ಒಪ್ಪಿಕೊಂಡಿತು ಅಂತ ಅರ್ಥ. ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಇದನ್ನು ಡಿಪ್ಲಾಯ್ ಪೂರ್ತಿ ಮುಗಿದ ಮೇಲಿನ ಹಂತವಾಗಿ ಇಡಿ. ಮೊದಲೇ ಇಟ್ಟರೆ ಮೇಲೆ ಹೇಳಿದ ಕ್ಯಾಶ್ ಕಥೆಯೇ ಇಲ್ಲಿಯೂ. ಹಬ್ ಬಂದು ಹಳೆಯ ಫೀಡ್ ನೋಡಿ ಹೋಗುತ್ತದೆ.

ಗಲ್ಫ್_ಕಾಸ್ರೋಡು
ನನ್ನದೂ ಒಂದು ಪ್ರಶ್ನೆ. ಊರಿನ ಆಟದ ಲೈವ್ ಹಾಕುವ ಯೂಟ್ಯೂಬ್ ಚಾನೆಲ್‌ಗಳು ಉಂಟಲ್ಲ. ಅವಕ್ಕೆ ಹೀಗೆ ಮಾಡಬಹುದಾ? ಯೂಟ್ಯೂಬ್‌ನ ಬೆಲ್ ಒತ್ತಿ ಇಟ್ಟರೂ ನನಗೆ ಎಲ್ಲ ನೋಟಿಫಿಕೇಶನ್ ಬರುವುದಿಲ್ಲ. ಒಂದು ಟೆಲಿಗ್ರಾಂ ಬಾಟ್ ಬರೆದು ಇಲ್ಲಿಯ ಸ್ನೇಹಿತರಿಗೆಲ್ಲ ಕಳಿಸುವ ಯೋಚನೆ.

ಮಧೂರು_ಹುಡುಗ
ಆಗುತ್ತದೆ. ಪ್ರತಿ ಯೂಟ್ಯೂಬ್ ಚಾನೆಲ್‌ಗೂ ಚಾನೆಲ್ ಐಡಿ ಹಾಕಿದರೆ ಸಿಗುವ ಒಂದು ಫೀಡ್ ಉಂಟು. ಅದು ಇದೇ ಗೂಗಲ್ ಹಬ್‌ಗೆ ಜೋಡಿಸಿದೆ. ಬಾಟ್‌ಗೆ ಹೊರಗಿನಿಂದ ತಲುಪುವ ಒಂದು ವಿಳಾಸ ಇರಲಿ, @ಬದಿಯಡ್ಕ_ಬಾಲ್ಕನಿ ಹೇಳಿದ ಚಾಲೆಂಜ್‌ಗೆ ಉತ್ತರ ಕೊಡಲಿ. ಹೆಸರು ಬರೆಸುವಾಗ ಸೀಕ್ರೆಟ್ ಒಂದನ್ನು ಕೊಟ್ಟರೆ ಹಬ್ ಕಳಿಸುವ ಪ್ರತಿ ಸಂದೇಶಕ್ಕೂ ಸಹಿ ಇರುತ್ತದೆ. ಅದನ್ನು ತಾಳೆ ನೋಡಿದರೆ ಬೇರೆ ಯಾರೋ ಸುಳ್ಳು ಸುದ್ದಿ ತುರುಕಲು ಆಗುವುದಿಲ್ಲ. ಲೀಸ್ ಮುಗಿಯುವ ಮುಂಚೆ ಮತ್ತೆ ಹೆಸರು ಬರೆಸುವ ಕೆಲಸವನ್ನೂ ಬಾಟ್‌ಗೇ ಒಪ್ಪಿಸಿ. ಇಲ್ಲದಿದ್ದರೆ ಕೆಲವು ದಿನ ಚೆನ್ನಾಗಿ ಓಡಿ ಒಂದು ದಿನ ಸುಮ್ಮನಾಗುತ್ತದೆ, ಯಾಕೆ ಅಂತಲೂ ಗೊತ್ತಾಗುವುದಿಲ್ಲ.

ಗಲ್ಫ್_ಕಾಸ್ರೋಡು
ಆ ಚಾನೆಲ್‌ನವರು ಆಟ ಮುಗಿದ ಮೇಲೆ ಟೈಟಲ್ ತಿದ್ದುತ್ತಾರೆ. ಮೊದಲು "ಲೈವ್" ಅಂತ ಮಾತ್ರ ಇರುತ್ತದೆ, ಆಮೇಲೆ ಪ್ರಸಂಗದ ಹೆಸರು, ಭಾಗವತರ ಹೆಸರು ಎಲ್ಲ ಸೇರಿಸುತ್ತಾರೆ. ಆಗ ಮತ್ತೊಮ್ಮೆ ಬರುತ್ತದಾ?

ಮಧೂರು_ಹುಡುಗ
ಬರುತ್ತದೆ. ಟೈಟಲ್ ಅಥವಾ ವಿವರಣೆ ಬದಲಾದರೂ ಯೂಟ್ಯೂಬ್ ಪುಶ್ ಕಳಿಸುತ್ತದೆ. ವಿಡಿಯೊ ಐಡಿಗಳನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಮೊದಲೇ ನೋಡಿದ ಐಡಿ ಆದರೆ ಬಾಟ್ ಹೊಸ ಸಂದೇಶ ಹಾಕುವುದು ಬೇಡ, ಹಳೆಯ ಸಂದೇಶವನ್ನೇ ತಿದ್ದಲಿ. ಟೆಲಿಗ್ರಾಂನಲ್ಲಿ ಬಾಟ್ ತನ್ನ ಸಂದೇಶ ತಿದ್ದಬಹುದು. ಕೋಡ್ ಬರೆದ ಮೇಲೆ ಇಲ್ಲಿ ಹಾಕಿ, ನಾನೂ ಒಮ್ಮೆ ನೋಡುತ್ತೇನೆ.